ಶಿರಸಿಯಿಂದ ಓಲ್ಡ್ ಟ್ರಾಫರ್ಡ್‌ಗೆ: ಪಹಣಿ, ವೀಸಾ, ಟಿಕೆಟ್ ಮತ್ತು ಸೋಮವಾರ ರಾತ್ರಿಯ ಪಂದ್ಯ

ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್ ಸ್ಟೇಡಿಯಂನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಫುಟ್‌ಬಾಲ್ ಪಂದ್ಯ ನೋಡಿ ಬಂದಾಗಿಂದ ಫೋನು ನಿಂತಿಲ್ಲ. ಟಿಕೆಟ್ ಹೇಗೆ ಸಿಕ್ಕಿತು, ತೋಟದ ಆದಾಯ ತೋರಿಸಿದರೆ ವೀಸಾ ಕೊಡುತ್ತಾರಾ, ಒಟ್ಟು ಎಷ್ಟು ಖರ್ಚು ಬಿತ್ತು, ಎಲ್ಲರದ್ದೂ ಇದೇ ಪ್ರಶ್ನೆ. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲವನ್ನೂ ಬರೆದೇ ಬಿಡೋಣ ಅನ್ನಿಸಿತು. ತಿಂಗಳ ಸಂಬಳದ ಕೆಲಸದವರಿಗೆ ವೀಸಾದ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಡಿಕೆ ತೋಟ ಮಾಡಿಕೊಂಡು ಊರಲ್ಲೇ ಇರುವವರಿಗೆ ಹೇಳುವವರು ಕಡಿಮೆ. ನಾನು ಹುಡುಕಿದಾಗ ಒಬ್ಬರೂ ಸಿಗಲಿಲ್ಲ. ಹಾಗಾಗಿ ಕಾಗದ ಪತ್ರದ ಭಾಗವನ್ನು ಸ್ವಲ್ಪ ಉದ್ದ ಬರೆಯುತ್ತೇನೆ.

ಶಿರಸಿಯವನಿಗೆ ಫುಟ್‌ಬಾಲ್ ಹುಚ್ಚು ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಕಾರವಾರದಿಂದ. ಅಲ್ಲಿ ಕಾಲೇಜು ಓದಿದೆ. ನಮ್ಮ ಘಟ್ಟದ ಮೇಲೆ ಎಲ್ಲಾ ಕಡೆ ಕ್ರಿಕೆಟ್. ಕಾರವಾರದಲ್ಲಿ ಮಾತ್ರ ಗೋವಾದ ಗಾಳಿ. ಸಮುದ್ರ ಇಳಿತ ಆದಾಗ ಟಾಗೋರ್ ಕಡಲತೀರದ ಗಟ್ಟಿ ಮರಳಿನ ಮೇಲೆ ಹುಡುಗರು ಬಾಲು ತಂದು ಆಡುತ್ತಿದ್ದರು. ನಾನೂ ಸೇರಿಕೊಂಡೆ. 2008ರ ಮೇ ತಿಂಗಳಲ್ಲಿ ಮಾಸ್ಕೋದಲ್ಲಿ ನಡೆದ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್ ಅನ್ನು ಕೋಡಿಬಾಗದ ಬಾಡಿಗೆ ರೂಮಿನಲ್ಲಿ ಕೂತು ನೋಡಿದೆವು. ಮಧ್ಯರಾತ್ರಿ ಶುರುವಾದ ಆಟ 1–1 ಆಗಿ, ಪೆನಾಲ್ಟಿಗೆ ಹೋಗಿ, ಮ್ಯಾಂಚೆಸ್ಟರ್ ಯುನೈಟೆಡ್ ಚೆಲ್ಸಿಯನ್ನು 6–5ರಿಂದ ಸೋಲಿಸುವಷ್ಟರಲ್ಲಿ ಬೆಳಗಾಗುತ್ತ ಬಂದಿತ್ತು. ಆವತ್ತಿನಿಂದ ಆ ತಂಡ ನನ್ನದು. ಗೆದ್ದರೂ ಸೋತರೂ.

ಓಲ್ಡ್ ಟ್ರಾಫರ್ಡ್‌ಗೆ ಒಮ್ಮೆ ಹೋಗಬೇಕು ಅನ್ನುವುದು ಹಳೆಯ ಆಸೆ. ಆದರೆ 2025ರ ಮಾರ್ಚ್‌ನಲ್ಲಿ ಯುನೈಟೆಡ್ ಕ್ಲಬ್‌ನವರು ಒಂದು ಸುದ್ದಿ ಕೊಟ್ಟರು. ಪಕ್ಕದಲ್ಲೇ ಒಂದು ಲಕ್ಷ ಜನ ಕೂರುವ ಹೊಸ ಸ್ಟೇಡಿಯಂ ಕಟ್ಟುವ ಯೋಜನೆ. ಈಗಿನದು 1910ರದ್ದು. ಹೊಸದು ಎದ್ದು ನಿಂತ ಮೇಲೆ ಹಳೆಯದನ್ನು ನೋಡಲು ಆಗುತ್ತದಾ? ಆ ಸುದ್ದಿ ಓದಿದ ದಿನವೇ ಈ ವರ್ಷ ಹೋಗಿಯೇ ಬರುವುದು ಅಂತ ಗಟ್ಟಿ ಮಾಡಿದೆ.

ಮನೆಯಲ್ಲಿ ಹೇಳಿದಾಗ ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟು ಕೇಳಿದಳು: ‘ಬಾಲು ಆಟ ನೋಡಲೆ ಇಂಗ್ಲೆಂಡಿಗೆ ಹೋಗ್ತ್ಯನ ಮಾಣಿ?’ ಅಪ್ಪ ಕೇಳಿದ್ದು ಒಂದೇ ಮಾತು, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಇರುತ್ತೀಯಾ ಅಂತ. ಅದು ಸರಿಯಾದ ಪ್ರಶ್ನೆ. ಇಂಗ್ಲೆಂಡಿನ ಲೀಗ್ ಆಗಸ್ಟ್‌ನಿಂದ ಮೇ ತನಕ. ಆಗಸ್ಟ್, ಸೆಪ್ಟೆಂಬರ್ ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಚಿಂತೆ. ಡಿಸೆಂಬರ್‌ನಿಂದ ಕೊಯ್ಲು ಜೋರು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬರುತ್ತೇನೆ ಅಂದ ದಿನ ನಾವು ತೋಟದಲ್ಲಿ ಇರಲೇಬೇಕು. ಆಮೇಲೆ ಬೇಯಿಸುವುದು, ಸುಲಿಯುವುದು, ಒಣಗಿಸುವುದು. ಹೀಗೆ ನೋಡುತ್ತ ಹೋದರೆ ನಮಗೆ ಸಿಗುವುದು ದೀಪಾವಳಿ ಮುಗಿದ ಮೇಲಿನ ಕೆಲವು ವಾರ ಅಥವಾ ಮಾರ್ಚ್ ನಂತರ. 2025ರ ಜೂನ್ 18ರಂದು ಪಂದ್ಯಗಳ ಪಟ್ಟಿ ಬಂತು. ನವೆಂಬರ್ ನಾಲ್ಕನೇ ವಾರದಲ್ಲಿ ಎವರ್ಟನ್ ತಂಡದ ಜೊತೆ ಓಲ್ಡ್ ಟ್ರಾಫರ್ಡ್‌ನಲ್ಲೇ ಆಟ. ಅದನ್ನೇ ಆರಿಸಿದೆ.

ಮೊದಲು ಟಿಕೆಟ್ ವಿಷಯ. ಇಲ್ಲಿ ಜಾಸ್ತಿ ಜನ ಮೋಸ ಹೋಗುತ್ತಾರೆ.

ಅಲ್ಲಿನ ದೊಡ್ಡ ಕ್ಲಬ್‌ಗಳ ಟಿಕೆಟ್ ನಮ್ಮ ಸಿನಿಮಾ ಟಿಕೆಟ್ ಥರ ಯಾರಿಗೆ ಬೇಕಾದರೂ ಸಿಗುವುದಿಲ್ಲ. ಅರ್ಧಕ್ಕಿಂತ ಜಾಸ್ತಿ ಸೀಟು ಇಡೀ ಸೀಸನ್ನಿಗೆ ದುಡ್ಡು ಕಟ್ಟಿದವರದ್ದು. ಉಳಿದದ್ದಕ್ಕೆ ಸದಸ್ಯರು ಅರ್ಜಿ ಹಾಕಬೇಕು. ಹಾಗಾಗಿ ಮೊದಲು ಕ್ಲಬ್ಬಿನ ವೆಬ್‌ಸೈಟಿನಲ್ಲಿ ವರ್ಷದ ಸದಸ್ಯತ್ವ ತೆಗೆದುಕೊಳ್ಳಿ. ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ ಹಾಕಿ. ಆಮೇಲೆ ಬೇಕಾದ ಪಂದ್ಯಕ್ಕೆ ಅರ್ಜಿ. ಸಿಕ್ಕರೆ ಕಾರ್ಡಿನಿಂದ ದುಡ್ಡು ಕಡಿತ. ಸಿಗದಿದ್ದರೆ ಹೋಗಲಾರದ ಸದಸ್ಯರು ಕ್ಲಬ್ಬಿನ ಮೂಲಕವೇ ವಾಪಸ್ ಬಿಡುವ ಸೀಟುಗಳಿಗೆ ಕಾಯಬಹುದು. ಅದೂ ಆಗದಿದ್ದರೆ ಊಟದ ಜೊತೆ ಕೊಡುವ ದುಬಾರಿ ಹಾಸ್ಪಿಟಾಲಿಟಿ ಟಿಕೆಟ್ ಇದೆ. ಅದಕ್ಕೆ ಮಾಮೂಲಿ ಟಿಕೆಟ್ಟಿನ ಎಷ್ಟೋ ಪಟ್ಟು ಬೆಲೆ.

ನನಗೆ ಮೊದಲ ಸುತ್ತಿನಲ್ಲಿ ಸಿಗಲಿಲ್ಲ. ಆ ಹೊತ್ತಿಗೆ ಹುಬ್ಬಳ್ಳಿಯ ಒಬ್ಬ ಏಜೆಂಟರು ಮೂರು ಪಟ್ಟು ಬೆಲೆಗೆ ಗ್ಯಾರಂಟಿ ಟಿಕೆಟ್ ಕೊಡಿಸುತ್ತೇನೆ ಅಂದರು. ನಾನು ಬೇಡ ಅಂದೆ. ಇಂಗ್ಲೆಂಡಿನಲ್ಲಿ ಕ್ಲಬ್ಬಿನ ಅನುಮತಿ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರ ಕಾನೂನಿನ ಪ್ರಕಾರ ಅಪರಾಧ. ಅಂಥ ಟಿಕೆಟ್ ಗೇಟಿನಲ್ಲಿ ರದ್ದಾಗಿದ್ದರೆ ಏಳು ಸಮುದ್ರ ದಾಟಿ ಹೋದವರು ಹೊರಗೇ ನಿಲ್ಲಬೇಕು. ಸ್ವಲ್ಪ ದಿನ ಕಾದು, ವಾಪಸ್ ಬಂದ ಸೀಟುಗಳಲ್ಲಿ ಒಂದು ಸಿಕ್ಕಿತು. ಉತ್ತರದ ಸರ್ ಅಲೆಕ್ಸ್ ಫರ್ಗುಸನ್ ಸ್ಟ್ಯಾಂಡಿನಲ್ಲಿ, ಮೇಲಿನ ಹಂತದಲ್ಲಿ. ಬೆಲೆ ಅರವತ್ತು ಪೌಂಡಿನ ಆಸುಪಾಸು. ಆವತ್ತು ರಾತ್ರಿ ಅಂಗಳದಲ್ಲಿ ಎಷ್ಟು ಸುತ್ತು ತಿರುಗಿದೆನೋ ಗೊತ್ತಿಲ್ಲ, ನಿದ್ದೆ ಬರಲೇ ಇಲ್ಲ.

ಇನ್ನು ವೀಸಾ. ಬೇಕಾಗಿದ್ದು ಆರು ತಿಂಗಳೊಳಗಿನ ಮಾಮೂಲಿ ಸಂದರ್ಶಕ ವೀಸಾ. 2025ರ ಏಪ್ರಿಲ್‌ನಿಂದ ಶುಲ್ಕ 127 ಪೌಂಡ್ ಇತ್ತು. ನಮ್ಮ ದುಡ್ಡಿನಲ್ಲಿ ಹದಿನೈದು ಸಾವಿರದ ಹತ್ತಿರ. ವೀಸಾ ಸಿಗದಿದ್ದರೂ ಇದು ವಾಪಸ್ ಬರುವುದಿಲ್ಲ. ಹೊರಡುವ ದಿನಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಸಾಮಾನ್ಯವಾಗಿ ಮೂರು ವಾರದಲ್ಲಿ ತೀರ್ಮಾನ. ಬೇಗ ಬೇಕು ಅಂದರೆ ಮತ್ತೆ 500 ಪೌಂಡ್ ಕಟ್ಟಬೇಕು. ಅಷ್ಟು ದುಡ್ಡಿಗೆ ಒಂದು ಕಡೆಯ ವಿಮಾನ ಟಿಕೆಟ್ಟೇ ಬರುತ್ತದೆ. ಆದ್ದರಿಂದ ಸೆಪ್ಟೆಂಬರ್‌ನಲ್ಲೇ ಹಾಕಿದೆ.

ಫಾರಂ ತುಂಬುವುದು ಕಷ್ಟವಲ್ಲ. ಕಷ್ಟ ಇರುವುದು ನಮ್ಮ ಆದಾಯವನ್ನು ಅವರಿಗೆ ಅರ್ಥ ಮಾಡಿಸುವುದರಲ್ಲಿ. ಅವರು ನೋಡುವುದು ಎರಡು ಸಂಗತಿ. ಈ ಮನುಷ್ಯನಿಗೆ ಈ ಪ್ರವಾಸದ ಖರ್ಚು ಭರಿಸುವ ಶಕ್ತಿ ಇದೆಯಾ? ಮುಗಿದ ಮೇಲೆ ವಾಪಸ್ ಹೋಗುತ್ತಾನಾ? ಸಂಬಳದವರು ಸ್ಲಿಪ್ಪು, ರಜೆ ಪತ್ರ ಕೊಟ್ಟು ಮುಗಿಸುತ್ತಾರೆ. ಅಡಿಕೆ ಬೆಳೆಗಾರನ ಖಾತೆಗೆ ತಿಂಗಳು ತಿಂಗಳು ದುಡ್ಡು ಬೀಳುವುದಿಲ್ಲ. ಎಷ್ಟೋ ತಿಂಗಳು ಏನೂ ಇಲ್ಲ. ಒಂದು ದಿನ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದಾಗ ಲಕ್ಷಗಟ್ಟಲೆ ಒಮ್ಮೆಗೇ ಜಮಾ. ದೂರದಲ್ಲಿ ಕೂತ ವೀಸಾ ಅಧಿಕಾರಿಗೆ ಇದು ಅನುಮಾನ ತರಿಸುತ್ತದೆ. ಯಾರಿಂದಲೋ ಸಾಲ ತಂದು ಖಾತೆ ತುಂಬಿಸಿದ್ದಾನೆ ಅಂತ ಅನ್ನಿಸುವುದು ಸಹಜ ಅಲ್ವಾ?

ಅದಕ್ಕೆ ನಾನು ಹೀಗೆ ಮಾಡಿದೆ. ಆರು ತಿಂಗಳಿನದು ಸಾಕು ಅನ್ನುತ್ತಾರೆ, ನಾನು ಎರಡು ವರ್ಷದ ಬ್ಯಾಂಕ್ ವಿವರ ಕೊಟ್ಟೆ. ಎರಡು ವರ್ಷ ನೋಡಿದರೆ ಪ್ರತಿ ವರ್ಷವೂ ಸುಮಾರು ಅದೇ ಕಾಲಕ್ಕೆ ದುಡ್ಡು ಬರುತ್ತದೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಪ್ರತಿ ದೊಡ್ಡ ಜಮಾಕ್ಕೂ ನಾವು ಅಡಿಕೆ ಮಾರುವ ಸಹಕಾರಿ ಸೊಸೈಟಿಯ ಬಿಲ್ಲು ಜೋಡಿಸಿದೆ. ಬಿಲ್ಲಿನ ತಾರೀಕು, ಮೊತ್ತ, ಖಾತೆಯ ಜಮಾ ಮೂರೂ ತಾಳೆಯಾಗಬೇಕು. ಆದರೆ ಸೊಸೈಟಿಯವರು ಸಾಲದ ಕಂತು, ಹಮಾಲಿ ಎಲ್ಲಾ ಕಳೆದು ಹಾಕುವುದರಿಂದ ಬಿಲ್ಲಿನ ಮೊತ್ತ ಮತ್ತು ಜಮಾ ಬೇರೆ ಬೇರೆ ಇರುತ್ತದೆ. ಆ ವ್ಯತ್ಯಾಸ ಯಾಕೆ ಅಂತ ಒಂದು ಪುಟದ ಪತ್ರದಲ್ಲಿ ಬರೆದೆ. ಕೃಷಿ ಆದಾಯಕ್ಕೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ ಅನ್ನುವುದನ್ನೂ ಅದರಲ್ಲೇ ಬರೆದೆ. ಇಲ್ಲದಿದ್ದರೆ ಇಷ್ಟು ಆದಾಯಕ್ಕೆ ತೆರಿಗೆ ಯಾಕೆ ಕಟ್ಟಿಲ್ಲ ಅನ್ನುವ ಪ್ರಶ್ನೆ ಬರಬಹುದು.

ಆಮೇಲೆ ಪಹಣಿ. ನಮ್ಮ ಪಹಣಿ ಪೂರ್ತಿ ಕನ್ನಡದಲ್ಲಿ. ಇಂಗ್ಲಿಷ್ ಅಥವಾ ವೆಲ್ಷ್ ಭಾಷೆಯಲ್ಲಿ ಇಲ್ಲದ ಯಾವ ದಾಖಲೆಗೂ ಅನುವಾದ ಜೊತೆಗಿರಬೇಕು ಅನ್ನುವುದು ಅವರ ನಿಯಮ. ಅನುವಾದ ಮಾಡಿದವರು ಇದು ಮೂಲಕ್ಕೆ ಸರಿಯಾಗಿದೆ ಅಂತ ಬರೆದು, ತಾರೀಕು, ಪೂರ್ತಿ ಹೆಸರು, ಸಹಿ, ಸಂಪರ್ಕದ ವಿವರ ಹಾಕಬೇಕು. ನಾನು ಒಂದು ಕಡೆ ಮಾಡಿಸಿದ ಅನುವಾದದಲ್ಲಿ ಎಕರೆ ಮತ್ತು ಗುಂಟೆಯ ಅಂಕಿ ಅದಲು ಬದಲಾಗಿತ್ತು. ರಾತ್ರಿ ಕೂತು ಸಾಲು ಸಾಲಾಗಿ ತಾಳೆ ನೋಡಿದಾಗ ಗೊತ್ತಾಯಿತು. ಮತ್ತೆ ಮಾಡಿಸಬೇಕಾಯಿತು. ಸರ್ವೆ ನಂಬರು, ವಿಸ್ತೀರ್ಣ, ಹೆಸರು, ಈ ಮೂರನ್ನು ನೀವೇ ನೋಡದೆ ಯಾವ ಅನುವಾದವನ್ನೂ ಒಪ್ಪಿಕೊಳ್ಳಬೇಡಿ.

ನಮ್ಮ ಕಡೆ ಇನ್ನೂ ಒಂದು ತೊಡಕು. ಪಹಣಿಯಲ್ಲಿ ಹೆಚ್ಚಿನ ಮನೆಗಳಲ್ಲಿ ಅಪ್ಪನ ಹೆಸರು, ಜೊತೆಗೆ ದೊಡ್ಡಪ್ಪ, ಚಿಕ್ಕಪ್ಪಂದಿರ ಹೆಸರು ಇರುತ್ತದೆ. ನನ್ನ ಹೆಸರಿನಲ್ಲಿ ಇದ್ದದ್ದು ಸ್ವಲ್ಪವೇ. ಅದಕ್ಕೆ ಅಪ್ಪನಿಂದ ಒಂದು ಪತ್ರ ತೆಗೆದುಕೊಂಡೆ. ತೋಟ ನೋಡಿಕೊಳ್ಳುವವನು ಮಗನೇ, ಕೊಯ್ಲಿಗೆ ಅವನು ವಾಪಸ್ ಬರಲೇಬೇಕು, ಆದಾಯದಲ್ಲಿ ಅವನ ಪಾಲು ಇಷ್ಟು ಅಂತ. ಸಂಬಂಧ ತೋರಿಸಲು ಪಡಿತರ ಚೀಟಿಯ ಅನುವಾದ. ತೋಟಕ್ಕೆ ಸೊಪ್ಪು ತರುವ ಬೆಟ್ಟವನ್ನು ಮಾತ್ರ ನಿಮ್ಮ ಆಸ್ತಿ ಅಂತ ತೋರಿಸಬೇಡಿ. ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ನಮಗೆ ಹಕ್ಕು ಇದೆ ಅಷ್ಟೇ, ಮಾಲೀಕತ್ವ ಸರ್ಕಾರದ್ದು. ಕೊಯ್ಲಿಗೆ ವಾಪಸ್ ಬರಬೇಕು ಅನ್ನುವ ಆ ಒಂದು ವಾಕ್ಯವೇ ನನ್ನ ಅರ್ಜಿಯಲ್ಲಿ ಎಲ್ಲಕ್ಕಿಂತ ಬಲವಾದದ್ದು ಅಂತ ನನಗೆ ಅನ್ನಿಸುತ್ತದೆ. ಅದು ನಿಜವೂ ಹೌದು.

ಪಂದ್ಯದ ಟಿಕೆಟ್ ಖರೀದಿಯ ಇಮೇಲ್, ಉಳಿಯುವ ಜಾಗದ ಬುಕಿಂಗ್, ದಿನಗಳ ಪಟ್ಟಿ ಇವನ್ನೂ ಕೊಟ್ಟೆ. ವಿಮಾನ ಟಿಕೆಟ್ ಮಾಡಿಸಲಿಲ್ಲ. ವೀಸಾ ಸಿಗುವ ತನಕ ಮಾಡಿಸಬೇಡಿ ಅಂತ ಅವರೇ ಹೇಳುತ್ತಾರೆ.

ಬೆರಳಚ್ಚು, ಫೋಟೋ ಕೊಡಲು ಬೆಂಗಳೂರಿಗೆ ಹೋದೆ. ರಾತ್ರಿ ಬಸ್ಸು, ಬೆಳಿಗ್ಗೆ ತಂಗಿಯ ಮನೆಯಲ್ಲಿ ಸ್ನಾನ, ತಿಂಡಿ. ‘ಅಣ್ಣಾ, ಅಷ್ಟು ದಪ್ಪ ಫೈಲು ಯಾಕೆ, ಎಲ್ಲಾ ಅಪ್‌ಲೋಡ್ ಮಾಡಿದ್ಯಲ್ಲ’ ಅಂದಳು. ಆದರೂ ಹೊತ್ತುಕೊಂಡೇ ಹೋದೆ. ಅಲ್ಲಿ ಕೆಲಸ ಬೇಗ ಮುಗಿಯಿತು. ಸಂದರ್ಶನ ಇಲ್ಲ, ಯಾರೂ ಏನೂ ಕೇಳಲಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಂಡರು. ಕೊರಿಯರ್, ಮೆಸೇಜ್ ಅಂತ ಹೆಚ್ಚುವರಿ ಸೇವೆಗಳನ್ನು ಒಂದೊಂದಾಗಿ ಕೇಳುತ್ತಾರೆ. ನಮಗೆ ಕೊರಿಯರ್ ಒಂದು ಸಾಕು. ಮತ್ತೆ ಬೆಂಗಳೂರಿಗೆ ಓಡುವುದು ತಪ್ಪುತ್ತದೆ.

ಆಮೇಲೆ ಕಾಯುವುದು. ಇದರ ಬಗ್ಗೆ ಏನು ಹೇಳಲಿ! ಹೇಳಿದ ದಿನಗಳು ಮುಗಿದವು. ಇಮೇಲ್ ಬರಲಿಲ್ಲ. ತೋಟದಲ್ಲಿ ನೆಟ್‌ವರ್ಕ್ ಸಿಗದ ಕಡೆ ಕೆಲಸ ಮಾಡುವಾಗ ನಡುನಡುವೆ ಗುಡ್ಡ ಹತ್ತಿ ಫೋನು ನೋಡಿ ಬರುತ್ತಿದ್ದೆ. ಕೊನೆಗೆ ಒಂದು ಮಧ್ಯಾಹ್ನ ಬಂತು. ತೀರ್ಮಾನ ಆಗಿದೆ ಅಂತ ಮಾತ್ರ ಇತ್ತು. ಕೊಟ್ಟಿದ್ದಾರಾ ಇಲ್ಲವಾ ಅನ್ನುವುದು ಅದರಲ್ಲಿ ಇರಲಿಲ್ಲ. ಪಾಕೀಟು ಕೈಗೆ ಬರುವ ತನಕ ಅದೇ ಸಂಕಟ. ಶಿರಸಿಗೆ ಕೊರಿಯರ್ ಬಂದ ದಿನ ಪೇಟೆಗೆ ಹೋಗಿ ನಾನೇ ತೆಗೆದುಕೊಂಡೆ. ಮಾರಿಗುಡಿ ಎದುರು ಗಾಡಿ ನಿಲ್ಲಿಸಿ ಒಡೆದೆ. ಪಾಸ್‌ಪೋರ್ಟಿನ ಹಾಳೆಯಲ್ಲಿ ವೀಸಾ ಅಂಟಿಸಿತ್ತು. ಒಳಗೆ ಹೋಗಿ ಅಮ್ಮನವರಿಗೆ ಹಣ್ಣುಕಾಯಿ ಮಾಡಿಸಿ ಮನೆಗೆ ಬಂದೆ.

ಆ ಖುಷಿ ಇರುವಾಗಲೇ ಇನ್ನೊಂದು ಸುದ್ದಿ ಬಂತು. ಪಂದ್ಯದ ದಿನ ಬದಲು! ಶನಿವಾರದ ಆಟ ಟಿವಿ ಪ್ರಸಾರಕ್ಕಾಗಿ ಸೋಮವಾರ, ನವೆಂಬರ್ 24ರ ರಾತ್ರಿ 8ಕ್ಕೆ ಹೋಯಿತು. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಜೂನ್‌ನಲ್ಲಿ ಬರುವ ಪಟ್ಟಿಯ ತಾರೀಕು, ಸಮಯ ಎರಡೂ ಖಾಯಂ ಅಲ್ಲ. ಯಾವ ಪಂದ್ಯವನ್ನು ಟಿವಿಯಲ್ಲಿ ತೋರಿಸುವುದು ಅನ್ನುವುದು ಕೆಲವು ವಾರ ಮುಂಚೆ ಮಾತ್ರ ಗೊತ್ತಾಗುತ್ತದೆ. ಆಗ ಶನಿವಾರದ್ದು ಶುಕ್ರವಾರಕ್ಕೂ ಹೋಗಬಹುದು, ಭಾನುವಾರಕ್ಕೂ, ಸೋಮವಾರಕ್ಕೂ. ಟಿಕೆಟ್ ಹೊಸ ದಿನಕ್ಕೆ ತಾನಾಗಿಯೇ ಸಲ್ಲುತ್ತದೆ, ಆದರೆ ವಿಮಾನ, ಹೋಟೆಲು ನಮ್ಮ ತಲೆನೋವು. ಇದು ಮೊದಲೇ ಗೊತ್ತಿದ್ದರಿಂದ ನಾನು ಗುರುವಾರದಿಂದ ಬುಧವಾರದ ತನಕ ಲೆಕ್ಕ ಹಾಕಿಕೊಂಡಿದ್ದೆ. ರದ್ದು ಮಾಡಬಹುದಾದ ಹೋಟೆಲನ್ನೇ ಹಿಡಿದಿದ್ದೆ. ವಿಮಾನ ಟಿಕೆಟ್ ಮಾಡಿಸಿದ್ದು ಈ ಸುದ್ದಿ ಬಂದ ಮೇಲೆಯೇ. ಬೆಲೆ ಸ್ವಲ್ಪ ಜಾಸ್ತಿ ಆಯಿತು, ಆದರೆ ನೆಮ್ಮದಿ ಇತ್ತು. ವಾರಾಂತ್ಯಕ್ಕೆ ಮಾತ್ರ ಹೋಗಿ ಬರುತ್ತೇನೆ ಅನ್ನುವವರು ದಯವಿಟ್ಟು ಯೋಚನೆ ಮಾಡಿ.

ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಮತ್ಸ್ಯಗಂಧ ಹತ್ತಿದೆ. ಸಂಜೆ ಹತ್ತಿದರೆ ಬೆಳಿಗ್ಗೆ ಮುಂಬೈ ಕುರ್ಲಾ. ಅಲ್ಲಿಂದ ವಿಮಾನ ನಿಲ್ದಾಣ ದೂರವಿಲ್ಲ. ಗೋವಾದಿಂದ ಹೋಗುವುದೂ ಸುಲಭವೇ, ಆದರೆ ಆ ದಿನಗಳಿಗೆ ಮುಂಬೈನಿಂದ ಗಲ್ಫ್ ಮೂಲಕ ಹೋಗುವ ಟಿಕೆಟ್ ಅಗ್ಗ ಇತ್ತು. ಚೀಲದ ಬಗ್ಗೆ ಒಂದು ಮಾತು. ಆಯಿ ತುಪ್ಪದ ಬಾಟಲಿ ಕಟ್ಟಿಟ್ಟಿದ್ದಳು. ಹಾಲಿನ ಪದಾರ್ಥ, ಮಾಂಸ ಯಾವುದನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ. ತುಪ್ಪ ಬಿಟ್ಟು ತೊಡದೇವು ಅನ್ನುವ ನಮ್ಮ ಕಡೆಯ ಸಿಹಿ ತಿಂಡಿ ಒಯ್ದೆ. ಅವಳಿಗೆ ಬೇಜಾರಾಯಿತು, ತುಪ್ಪ ಇಲ್ಲದೆ ತೊಡದೇವು ಹೇಗೆ ತಿನ್ನುತ್ತೀಯ ಅಂತ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಸಾಲು ಉದ್ದ. ಯಾಕೆ ಬಂದಿರಿ ಅಂತ ಅಧಿಕಾರಿ ಕೇಳಿದರು. ಫುಟ್‌ಬಾಲ್ ನೋಡಲು ಅಂದೆ. ಯಾವ ಆಟ, ಯಾವಾಗ ವಾಪಸ್, ಮನೆಯಲ್ಲಿ ಏನು ಕೆಲಸ ಅಂತ ಕೇಳಿದರು. ಟಿಕೆಟ್ಟಿನ ಇಮೇಲ್ ತೋರಿಸಿದೆ. ಸೀಲು ಬಿತ್ತು. ಅಲ್ಲಿಂದ ಮ್ಯಾಂಚೆಸ್ಟರ್ ಪೇಟೆಗೆ ರೈಲಿದೆ, ಇಪ್ಪತ್ತು ನಿಮಿಷದ ದಾರಿ. ಟ್ರಾಮಿಗೆ ಟಿಕೆಟ್ ಕೊಳ್ಳಬೇಕಿಲ್ಲ. ಹತ್ತುವಾಗ ಒಮ್ಮೆ, ಇಳಿದಾಗ ಒಮ್ಮೆ ಕಂಬಕ್ಕೆ ಬ್ಯಾಂಕಿನ ಕಾರ್ಡು ತಾಗಿಸಿದರೆ ಸಾಕು. ಇಳಿದಾಗ ತಾಗಿಸುವುದನ್ನು ಮರೆಯಬೇಡಿ. ನವೆಂಬರ್ ಕೊನೆಯಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ಮಳೆ ಜೋರಲ್ಲ, ಆದರೆ ಚಳಿಯಲ್ಲಿ ಬೀಳುವ ಸಣ್ಣ ಹನಿ ಮೈ ಒಳಗೆ ಇಳಿಯುತ್ತದೆ. ಒಳಗೆ ಹಾಕುವ ಥರ್ಮಲ್ ಬಟ್ಟೆ ಬೇಕೇ ಬೇಕು.

ಪಂದ್ಯದ ದಿನ ಸ್ಟೇಡಿಯಂ ಒಳಗಿನ ಪ್ರವಾಸ ಇರುವುದಿಲ್ಲ. ಹಾಗಾಗಿ ಭಾನುವಾರಕ್ಕೆ ಬುಕ್ ಮಾಡಿದ್ದೆ. ಟ್ರಾಮಿನಲ್ಲಿ ಓಲ್ಡ್ ಟ್ರಾಫರ್ಡ್ ಅನ್ನುವ ನಿಲ್ದಾಣದಲ್ಲಿ ಇಳಿದರೆ ಮೊದಲು ಸಿಗುವುದು ಅದೇ ಹೆಸರಿನ ಕ್ರಿಕೆಟ್ ಮೈದಾನ. ಫುಟ್‌ಬಾಲ್ ಸ್ಟೇಡಿಯಂ ಅಲ್ಲಿಂದ ಸ್ವಲ್ಪ ನಡಿಗೆ. ನಾನು ಬೇಕೆಂದೇ ಅಲ್ಲಿ ಇಳಿದೆ. 1990ರ ಆಗಸ್ಟ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಆ ಮೈದಾನದಲ್ಲಿ. ಸಚಿನ್ ಮೊದಲ ಶತಕ ಹೊಡೆದದ್ದೂ ಅದೇ ಟೆಸ್ಟಿನಲ್ಲಿ. ಗೇಟಿನ ಹತ್ತಿರ ಸ್ವಲ್ಪ ಹೊತ್ತು ನಿಂತು ಮುಂದೆ ಹೋದೆ.

ಸ್ಟೇಡಿಯಂ ಮುಂದೆ ಯುನೈಟೆಡ್‌ನ ಹಳೆಯ ಆಟಗಾರರಾದ ಬೆಸ್ಟ್, ಲಾ, ಚಾರ್ಲ್ಟನ್ ಮೂವರ ಪ್ರತಿಮೆ. 1968ರಲ್ಲಿ ಯುರೋಪಿಯನ್ ಕಪ್ ಗೆದ್ದ ಕಾಲದವರು. 2025ರ ಜನವರಿಯಲ್ಲಿ ಡೆನಿಸ್ ಲಾ ತೀರಿಕೊಂಡ ಮೇಲೆ ಮೂವರಲ್ಲಿ ಯಾರೂ ಉಳಿದಿಲ್ಲ. ಆಗ್ನೇಯ ಮೂಲೆಯಲ್ಲಿ ಮ್ಯೂನಿಕ್ ಗಡಿಯಾರ. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ತಂಡದ ವಿಮಾನ ಬಿದ್ದು 23 ಜನ ಸತ್ತರು, ಅವರಲ್ಲಿ ಎಂಟು ಜನ ಆಟಗಾರರು. ಆ ದಿನ ಬದುಕಿ ಉಳಿದ ಬಾಬಿ ಚಾರ್ಲ್ಟನ್, ಮ್ಯಾನೇಜರ್ ಮ್ಯಾಟ್ ಬಸ್ಬಿ ಹತ್ತು ವರ್ಷದ ಮೇಲೆ ಆ ಕಪ್ ಎತ್ತಿದರು. ಈ ಕಥೆ ನನಗೆ ಬಾಯಿಪಾಠ. ಆದರೂ ಆ ಗಡಿಯಾರದ ಕೆಳಗೆ ನಿಂತಾಗ ಗಂಟಲು ಕಟ್ಟಿತು.

ಒಳಗಿನ ಪ್ರವಾಸದಲ್ಲಿ ಆಟಗಾರರ ಕೋಣೆ, ಅಂಗಳದ ಅಂಚು ಎಲ್ಲಾ ತೋರಿಸುತ್ತಾರೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಳೆಯ ಸುರಂಗ. 1941ರಲ್ಲಿ ಜರ್ಮನ್ ಬಾಂಬು ಬಿದ್ದು ಸ್ಟೇಡಿಯಂ ಹಾಳಾಯಿತು. 1949ರ ತನಕ ಯುನೈಟೆಡ್ ತನ್ನ ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ ಆಡಬೇಕಾಯಿತು. 1910ರ ಕಟ್ಟಡದಲ್ಲಿ ಈಗ ಉಳಿದಿರುವುದು ಆ ಸುರಂಗವೊಂದೇ. ನೂರು ವರ್ಷಕ್ಕಿಂತ ಹಿಂದಿನ ಗೋಡೆ. ಕೈಯಿಂದ ಮುಟ್ಟಿ ನೋಡಿದೆ. ಮ್ಯೂಸಿಯಂಗೆ ಮತ್ತೆ ಎರಡು ಗಂಟೆ ಇಟ್ಟುಕೊಳ್ಳಿ. 1878ರಲ್ಲಿ ನ್ಯೂಟನ್ ಹೀತ್‌ನ ರೈಲ್ವೆ ಕಾರ್ಮಿಕರು ಶುರು ಮಾಡಿದ ತಂಡ ಇದು. ಮ್ಯಾಂಚೆಸ್ಟರ್ ಯುನೈಟೆಡ್ ಅನ್ನುವ ಹೆಸರು ಬಂದದ್ದು 1902ರಲ್ಲಿ. ದುಡಿಯುವ ಜನ ಕಟ್ಟಿದ್ದು ಅನ್ನುವುದು ಅಲ್ಲಿ ಹೆಜ್ಜೆ ಹೆಜ್ಜೆಗೂ ಗೊತ್ತಾಗುತ್ತದೆ.

ಸೋಮವಾರ. ಟಿಕೆಟ್ ಫೋನಿನಲ್ಲೇ ಬರುತ್ತದೆ, ಕಾಗದ ಇಲ್ಲ. ಫೋನಿನ ವಾಲೆಟ್‌ಗೆ ಹೋಟೆಲಿನಲ್ಲಿ ಇರುವಾಗಲೇ ಸೇರಿಸಿಕೊಳ್ಳಿ. ಗೇಟಿನ ಹತ್ತಿರ ಸಾವಿರಾರು ಜನ ಒಂದೇ ಹೊತ್ತಿಗೆ ಫೋನು ತೆಗೆದಾಗ ನೆಟ್‌ವರ್ಕ್ ಒದ್ದಾಡುತ್ತದೆ. ಪವರ್ ಬ್ಯಾಂಕ್ ಜೇಬಿನಲ್ಲಿರಲಿ. ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಒಳಗೆ ನಗದು ನಡೆಯುವುದಿಲ್ಲ, ಎಲ್ಲಾ ಕಾರ್ಡು. ನಮ್ಮ ಬ್ಯಾಂಕಿನ ಒಟಿಪಿ ಬರಬೇಕಾದರೆ ಊರಿನ ಸಿಮ್ಮಿಗೆ ರೋಮಿಂಗ್ ಇರಬೇಕು. ಬಿಯರ್ ಕುಡಿಯುವವರು ಸೀಟಿಗೆ ತರುವಂತಿಲ್ಲ. ಅಂಗಳ ಕಾಣುವ ಜಾಗದಲ್ಲಿ ಮದ್ಯ ಕುಡಿಯಬಾರದು ಅಂತ 1985ರಿಂದ ಅಲ್ಲಿ ಕಾನೂನಿದೆ. ಸಸ್ಯಾಹಾರಿಗಳು ಒಂದು ಎಚ್ಚರ ಇಟ್ಟುಕೊಳ್ಳಿ. ಚಳಿಗೆ ಅಂತ ಎಲ್ಲರೂ ಕುಡಿಯುವ ಬೋವ್ರಿಲ್ ಅನ್ನುವ ಬಿಸಿ ಪಾನೀಯ ದನದ ಮಾಂಸದ ಸಾರ. ನೋಡಲು ಕಷಾಯದ ಹಾಗೆಯೇ ಇರುತ್ತದೆ. ನಾನು ಚಹಾ ತೆಗೆದುಕೊಂಡೆ.

ಮೆಟ್ಟಿಲು ಹತ್ತಿ, ಇನ್ನೂ ಹತ್ತಿ, ಕೊನೆಯ ಬಾಗಿಲು ದಾಟಿದಾಗ ದೀಪದ ಬೆಳಕಿನಲ್ಲಿ ಹಸಿರು ಅಂಗಳ ಒಮ್ಮೆಗೇ ಕಣ್ಣಿಗೆ ಬಿತ್ತು. ಅಲ್ಲೇ ನಿಂತುಬಿಟ್ಟೆ. ಹಿಂದಿನವರು ಏನೂ ಅನ್ನಲಿಲ್ಲ, ಪಕ್ಕದಿಂದ ದಾಟಿ ಹೋದರು. ಟಿವಿಯಲ್ಲಿ ಇಷ್ಟು ವರ್ಷ ನೋಡಿದ್ದರೂ ಎಷ್ಟು ಕಡಿದಾಗಿದೆ, ಎಷ್ಟು ಹತ್ತಿರ ಇದೆ ಅನ್ನುವುದು ಗೊತ್ತೇ ಇರಲಿಲ್ಲ. 74 ಸಾವಿರ ಜನ. ಬಲಕ್ಕೆ ಸ್ಟ್ರೆಟ್‌ಫರ್ಡ್ ಎಂಡ್ ಅನ್ನುವ ಸ್ಟ್ಯಾಂಡ್, ಎದುರಿಗೆ ಬಾಬಿ ಚಾರ್ಲ್ಟನ್ ಸ್ಟ್ಯಾಂಡ್. ಮೂರು ಕಡೆ ಎತ್ತರ ಇರುವಾಗ ಅದೊಂದೇ ಗಿಡ್ಡ, ಯಾಕೆಂದರೆ ಅದರ ಬೆನ್ನಿಗೇ ರೈಲು ಹಳಿ ಇದೆ. ಬೆಳೆಸಲು ಜಾಗವಿಲ್ಲ.

ಪಕ್ಕದ ಸೀಟಿನಲ್ಲಿ ವಯಸ್ಸಾದ ಒಬ್ಬರು. ಹುಡುಗನಾಗಿದ್ದಾಗ ಅಪ್ಪನ ಜೊತೆ ಬಂದು ಡೆನಿಸ್ ಲಾ ಅವರ ಆಟ ನೋಡಿದ್ದರಂತೆ. ಎಲ್ಲಿಂದ ಬಂದಿ ಅಂತ ಕೇಳಿದರು. ಭಾರತ, ಅಡಿಕೆ ತೋಟ, ಸಮುದ್ರ ಹತ್ತಿರ ಅಂದೆ. ಆಟ ಶುರುವಾಗುವ ಮುಂಚೆಯೇ ಮುಂದಿನ ಸಾಲಿನವರಿಗೆಲ್ಲಾ ನನ್ನ ಪರಿಚಯ ಮಾಡಿಸಿದರು.

ಆಟ ಹೇಗಿತ್ತು ಅಂತ ನೀವೂ ನೋಡಿರಬಹುದು. ಯುನೈಟೆಡ್ ಐದು ಪಂದ್ಯದಿಂದ ಸೋತಿರಲಿಲ್ಲ. 13ನೇ ನಿಮಿಷಕ್ಕೆ ಎವರ್ಟನ್‌ನ ಗೇಯೆ ತನ್ನದೇ ತಂಡದ ಕೀನ್ ಮೇಲೆ ಕೈ ಮಾಡಿ ಕೆಂಪು ಕಾರ್ಡ್ ತೆಗೆದುಕೊಂಡು ಹೊರಗೆ ಹೋದ. ನಮ್ಮ ಕಡೆ ಯಾರಿಗೂ ಏನಾಯಿತು ಅಂತಲೇ ಗೊತ್ತಾಗಲಿಲ್ಲ. ಹತ್ತು ಜನರ ಎದುರು ಇನ್ನು ಗೆಲುವು ನಮ್ಮದೇ ಅಂದುಕೊಂಡೆವು. ಆದರೆ 29ನೇ ನಿಮಿಷಕ್ಕೆ ಎವರ್ಟನ್‌ನ ಡ್ಯೂಸ್‌ಬರಿ-ಹಾಲ್ ದೂರದಿಂದ ಹೊಡೆದ ಬಾಲು ನಮ್ಮ ಬಲೆಗೆ. ಆಮೇಲೆ ಇಡೀ ಆಟ ಎವರ್ಟನ್ ಗೋಲಿನ ಮುಂದೆಯೇ ನಡೆಯಿತು. ನಮ್ಮ ಜಿರ್ಕ್‌ಜಿ ತಲೆಯಿಂದ ಹೊಡೆದ ಬಾಲುಗಳನ್ನು ಅವರ ಗೋಲಿ ಪಿಕ್‌ಫರ್ಡ್ ತಡೆದ. ಗೋಲು ಬರಲೇ ಇಲ್ಲ. 0–1. ಹಿಂದೆ ಯುನೈಟೆಡ್‌ನಿಂದ ಹೊರಗೆ ಕಳಿಸಿದ ಮ್ಯಾನೇಜರ್ ಮೋಯ್ಸ್, ಈ ಸಲ ಎವರ್ಟನ್ ಜೊತೆ ಬಂದು ಗೆದ್ದು ಹೋದರು.

ತುಂಬಾ ಬೇಸರವಾಯಿತು. ಊರಿನಲ್ಲಿ ಆಗ ರಾತ್ರಿ ಮೂರು ದಾಟಿದೆ. ಕಾರವಾರದ ಗೆಳೆಯರು ಎದ್ದು ಕೂತು ನೋಡುತ್ತಿದ್ದರು, ಮೆಸೇಜ್ ಮೇಲೆ ಮೆಸೇಜ್. ಪಕ್ಕದ ಹಿರಿಯರು ಎದ್ದು ನನ್ನ ಕೈ ಹಿಡಿದುಕೊಂಡು, ಅಷ್ಟು ದೂರದಿಂದ ಬಂದ ಹುಡುಗನಿಗೆ ಒಂದು ಗೋಲೂ ತೋರಿಸಲಿಲ್ಲ ಅಂತ ನೊಂದುಕೊಂಡರು. ನಾನು ಅವರಿಗೆ ಹೇಳಿದೆ, ಗೋಲು ಬರದಿದ್ದರೂ ಬಂದದ್ದಕ್ಕೆ ಸಂತೋಷವೇ ಅಂತ. ಮನಸ್ಸಿನಿಂದ ಹೇಳಿದ ಮಾತು. ಕೊನೆಯ ಹತ್ತು ನಿಮಿಷ ಆ 74 ಸಾವಿರ ಜನ ಎದ್ದು ನಿಂತು ಒಂದು ಗೋಲಿಗಾಗಿ ಕೂಗಿದಾಗ ಅವರ ಜೊತೆ ನನ್ನ ದನಿಯೂ ಇತ್ತು.

ಹೊರಗೆ ಬಂದರೆ ಟ್ರಾಮ್ ನಿಲ್ದಾಣದಲ್ಲಿ ಕಣ್ಣು ಹಾಯುವಷ್ಟು ಸಾಲು. ಚೆಸ್ಟರ್ ರೋಡ್ ಹಿಡಿದು ಡೀನ್ಸ್‌ಗೇಟ್ ತನಕ ನಡೆದು ಹೋದೆ. ಮುಕ್ಕಾಲು ಗಂಟೆ ಬೇಕು. ಜನ ನಡೆಯುತ್ತಲೇ ಇರುತ್ತಾರೆ, ಹೆದರಿಕೆ ಇಲ್ಲ. ಹಸಿವಾದರೆ ರಶೋಮ್‌ನ ವಿಲ್ಮ್‌ಸ್ಲೋ ರೋಡಿಗೆ ಹೋಗಿ. ಕರಿ ಮೈಲ್ ಅಂತ ಕರೆಯುತ್ತಾರೆ. ಸಸ್ಯಾಹಾರ, ಬಿಸಿ ರೊಟ್ಟಿ ಸಿಗುತ್ತದೆ.

ಖರ್ಚು ಕೇಳುವವರಿಗೆ. ವಿಮಾನಕ್ಕೆ ಎಪ್ಪತ್ತು ಸಾವಿರದ ಹತ್ತಿರ. ವೀಸಾ, ಅನುವಾದ, ಬೆಂಗಳೂರು ಓಡಾಟ ಎಲ್ಲಾ ಸೇರಿ ಇಪ್ಪತ್ತು ಸಾವಿರ ದಾಟಿತು. ಹೋಟೆಲು ಎಲ್ಲಕ್ಕಿಂತ ಭಾರ. ಪಂದ್ಯ ಇರುವ ದಿನ ಅಲ್ಲಿ ಬಾಡಿಗೆ ಏರುತ್ತದೆ. ಟಿಕೆಟ್, ಸದಸ್ಯತ್ವ, ಸ್ಟೇಡಿಯಂ ಪ್ರವಾಸ, ಊಟವೂ ಸೇರಿ ಒಟ್ಟು ಎರಡು ಲಕ್ಷದ ಮೇಲೆ ಸ್ವಲ್ಪ ಹೋಯಿತು. ಇಬ್ಬರು ಹೋದರೆ ಕೋಣೆಯ ಖರ್ಚು ಅರ್ಧ ಆಗುತ್ತದೆ.

ಮುಂದಿನ ಮಾರ್ಚ್, ಏಪ್ರಿಲ್ ಪಂದ್ಯಕ್ಕೆ ಹೊರಡುವ ಯೋಚನೆ ಇದ್ದವರು ಸದಸ್ಯತ್ವ ಮತ್ತು ಪಾಸ್‌ಪೋರ್ಟಿನ ಕೆಲಸ ಈಗಲೇ ಶುರು ಮಾಡಿ. ಸೊಸೈಟಿಯ ಹಳೆಯ ಬಿಲ್ಲುಗಳನ್ನು ಕೊಯ್ಲು ಶುರುವಾಗುವ ಮುಂಚೆ ತೆಗೆಸಿಕೊಳ್ಳಿ. ಆಮೇಲೆ ಅಲ್ಲಿ ಅಡಿಕೆ ಚೀಲದ ರಾಶಿ, ಯಾರಿಗೂ ಬಿಡುವಿರುವುದಿಲ್ಲ. ಪಹಣಿಯ ಅನುವಾದ ಮಾಡಿಸುವವರು ಬೇಕಿದ್ದರೆ ನನ್ನ ಅನುವಾದದ ಪ್ರತಿ ತೋರಿಸುತ್ತೇನೆ, ಅದೇ ಮಾದರಿಯಲ್ಲಿ ಮಾಡಿಸಬಹುದು. ಬೆಳಿಗ್ಗೆ ಹನ್ನೊಂದರ ಒಳಗೆ ತೋಟದಲ್ಲಿ ಇರುತ್ತೇನೆ, ಅಲ್ಲಿ ಫೋನು ಸಿಗುವುದಿಲ್ಲ. ಮಧ್ಯಾಹ್ನದ ಮೇಲೆ ಮಾಡಿ.